ನೂಫಳ ಹೆಗಲಿಗೆ ಒಪ್ಪುವ ತೋಟೆ

ದೋಹಾದ ಆ ಬೇಟೆ ಸಾಮಾನಿನ ಅಂಗಡಿಗೆ ಲೀಲಾಕ್ಷಿ ಸೇರಿದ್ದು ಆರ್ಡರ್ ಬರೆಯುವುದಕ್ಕೆ, ಗಿರಾಕಿಗಳಿಗೆ ಬುದ್ಧಿ ಹೇಳುವುದಕ್ಕಲ್ಲ. ಮ್ಯಾನೇಜರ್ ಯಾಕೂಬ್ ಇದನ್ನು ಎಷ್ಟೋ ಸಲ ನೆನಪಿಸಿದ್ದ. ಅವನು ಉಳ್ಳಾಲದವನು, ಆಕೆ ಮೂಲ್ಕಿಯವಳು. ಆಕೆಗಿಂತ ಆರು ವರ್ಷ ಚಿಕ್ಕವನಾದ್ದರಿಂದ ಬೈಯುವಾಗಲೂ "ಲೀಲಕ್ಕ" ಎಂದೇ ಬೈಯುತ್ತಿದ್ದ.

ಆ ಅಂಗಡಿಯಲ್ಲಿ ನೌಕರರಲ್ಲಿ ಕೋವಿ ಹಿಡಿದು ಗುರಿಯಿಟ್ಟವಳೆಂದರೆ ಆಕೆ ಒಬ್ಬಳೇ ಎಂಬುದನ್ನು ಯಾರೂ ಕೇಳಿ ತಿಳಿದುಕೊಂಡಿರಲಿಲ್ಲ. ಕಾಲೇಜಿನ ಎನ್‌ಸಿಸಿಯಲ್ಲಿ ಪಾಯಿಂಟ್ ಟೂಟೂ ರೈಫಲಿನಿಂದ ಐದು ಗುಂಡುಗಳನ್ನು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂರಿಸುತ್ತಿದ್ದ ಹುಡುಗಿ ಅವಳು. ಒಂದು ಕ್ಯಾಂಪಿನಲ್ಲಿ ಹವಾಲ್ದಾರ ಏನೂ ಹೇಳಿಕೊಡದೆ ಕೈಗೆ ದೊಡ್ಡ ತೋಟೆಯ ತ್ರೀನಾಟ್‌ತ್ರೀ ರೈಫಲ್ ಕೊಟ್ಟ. ಅದು ಒದ್ದ ಒದೆತಕ್ಕೆ ಹೆಗಲು ಕಪ್ಪುಗಟ್ಟಿತು. ಆಮೇಲೆ ಟೂಟೂ ಹಿಡಿದರೂ ಬೆರಳು ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. "ಹೆಂಗಸರ ಕೈಗಲ್ಲ ಇದು" ಎಂದು ನಕ್ಕರು. ಲೀಲಾಕ್ಷಿ ಕೋವಿ ಬಿಟ್ಟಳು. ತನ್ನದು ಪುಕ್ಕಲುತನವಲ್ಲ, ಕೊಟ್ಟ ತೋಟೆಯೇ ತಪ್ಪು ಎಂದು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು. ಅದೂ ಈ ಅಂಗಡಿಯ ಕ್ಯಾಟಲಾಗುಗಳನ್ನು ಓದಿ.

೨೦೦೭ರ ಏಪ್ರಿಲಿನ ಒಂದು ಸಂಜೆ ಗಾನಿಮ್ ಎಂಬ ಕತಾರಿ ಗಿರಾಕಿ ಮಗಳು ನೂಫಳನ್ನು ಕರೆದುಕೊಂಡು ಬಂದ. ಹದಿನೆಂಟರ ಹುಡುಗಿ, ಸಣಕಲು ಮೈ. ರಜೆಯಲ್ಲಿ ಅಪ್ಪನ ಜೊತೆ ದಕ್ಷಿಣ ಆಫ್ರಿಕಾದಲ್ಲಿ ಮೊದಲ ಬೇಟೆ. ಗಾನಿಮ್ ಕೇಳಿದ್ದು ಭಾರಿ ತೋಟೆಯ ತ್ರೀ ಹಂಡ್ರೆಡ್ ಮ್ಯಾಗ್ನಮ್ ರೈಫಲ್. ಅವನ ಗೆಳೆಯರೆಲ್ಲ ಹೊಡೆಯುವುದು ಅದನ್ನೇ. ಯಾಕೂಬ್ ರೈಫಲ್ ತಂದು ಹುಡುಗಿಯ ಮುಂದಿಟ್ಟ. ಅವಳ ಮುಖ ಬಿಳುಚಿತು.

"ಇದು ಅವಳಿಗೆ ಬೇಡ," ಎಂದಳು ಲೀಲಾಕ್ಷಿ, ತನ್ನ ಮೇಜಿನಿಂದಲೇ, ಇಂಗ್ಲಿಷಿನಲ್ಲಿ. "ಟೂ ಫಾರ್ಟಿ ತ್ರೀ ಕೊಡಿ. ಒದೆತ ಅರ್ಧಕ್ಕಿಂತ ಕಡಿಮೆ. ಸರಿಯಾದ ಜಾಗಕ್ಕೆ ಬಿದ್ದರೆ ಇಂಪಾಲ ಜಿಂಕೆಗೆ ಧಾರಾಳ ಸಾಕು."

ಯಾಕೂಬ್ ಹಲ್ಲು ಕಚ್ಚಿ ಕನ್ನಡಕ್ಕೆ ತಿರುಗಿದ. "ಲೀಲಕ್ಕ, ನಿಮಗೆಂತ ಮಾರಾಯ್ರೆ? ಅವರು ಕೇಳಿದ್ದನ್ನು ಬರೀರಿ, ಖಲಾಸ್."

"ನಾನು ಬರೆಯುದಿಲ್ಲ."

"ಎಂತ?"

"ಬರೆಯುದಿಲ್ಲ ಅಂದೆ. ಒಂದೇ ಗುಂಡಿಗೆ ಅವಳು ಹೆದ್ರಿ ಹೋಗ್ತಾಳೆ. ಹೆದ್ರಿದವ್ರ ಗುಂಡು ಪ್ರಾಣಿಯ ಹೊಟ್ಟೆಗೋ ಕಾಲಿಗೋ ಬೀಳುದು. ಅದು ನರಳಿ ಸಾಯ್ಬೇಕಾ? ಬೇಕಾದ್ರೆ ನೀವೇ ಬರೀರಿ."

ಆಕೆ ಪೆನ್ನನ್ನು ಅವನತ್ತ ಚಾಚಿದಳು. ಭಾಷೆ ತಿಳಿಯದಿದ್ದರೂ ಗಾನಿಮ್‌ಗೆ ವಿಷಯ ತಿಳಿಯಿತು. ಗುಮಾಸ್ತೆಯಿಂದ ಪಾಠ ಹೇಳಿಸಿಕೊಳ್ಳಲು ಬಂದಿಲ್ಲ ಎಂದು ಮಗಳನ್ನು ಕರೆದುಕೊಂಡು ಹೊರಟೇ ಹೋದ.

ಮರುದಿನದಿಂದ ಲೀಲಾಕ್ಷಿಗೆ ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನಲ್ಲಿ ಟೆಂಟು, ಬೂಟು ಎಣಿಸುವ ಕೆಲಸ. ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಶಿಫ್ಟಿನಲ್ಲಿದ್ದ ಗಂಡ ಅಣ್ಣು ಫೋನಿನಲ್ಲಿ, "ಒಂದು ಸಲ ಕ್ಷಮೆ ಕೇಳಿಬಿಡು ಮಾರಾಯ್ತಿ" ಎಂದ. "ತಪ್ಪು ಮಾಡಿದ್ರೆ ಕೇಳ್ತಿದ್ದೆ," ಎಂದು ಫೋನು ಇಟ್ಟಳು. ತಗಡಿನ ಛಾವಣಿಯ ಕೆಳಗೆ ಬೆವರುತ್ತ ಎಣಿಸಿದಳು. ಸಿಟ್ಟಿತ್ತು, ಪಶ್ಚಾತ್ತಾಪ ಇರಲಿಲ್ಲ.

ಹತ್ತನೆಯ ದಿನ ಯಾಕೂಬನ ಫೋನು. "ಅವರು ಪುನಃ ಬಂದಿದ್ದಾರೆ. ಆ ಹುಡುಗಿ ನಿಮ್ಮ ಹತ್ರವೇ ಮಾತಾಡ್ಬೇಕಂತೆ. ಕಾರು ಕಳಿಸ್ತೇನೆ."

ನಡೆದದ್ದು ಇಷ್ಟು. ಗಾನಿಮ್ ಗೆಳೆಯನ ಮ್ಯಾಗ್ನಮ್ ತಂದು ಲುಸೈಲಿನ ಗುರಿ ಅಭ್ಯಾಸದ ರೇಂಜಿನಲ್ಲಿ ಮಗಳ ಕೈಗೆ ಕೊಟ್ಟಿದ್ದ. ಮೊದಲ ಗುಂಡಿಗೇ ಹೆಗಲು ಊದಿತು, ಎರಡನೆಯದಕ್ಕೆ ಅವಳು ಕಣ್ಣು ಮುಚ್ಚಿದಳು, ಮೂರನೆಯದನ್ನು ಹೊಡೆಯಲೇ ಇಲ್ಲ.

"ನಾನು ಹೇಡಿಯಾ?" ಎಂದು ನೂಫ್ ಇಂಗ್ಲಿಷಿನಲ್ಲಿ ಕೇಳಿದಳು.

"ಅಲ್ಲ. ನಿನ್ನ ಕೈಗೆ ಅದನ್ನು ಕೊಟ್ಟವರದ್ದು ತಪ್ಪು," ಎಂದಳು ಲೀಲಾಕ್ಷಿ, ಗಾನಿಮ್ ಎದುರಿಗೇ.

ಊತ ಇಳಿಯುವವರೆಗೆ ಎರಡು ವಾರ ಗುಂಡಿಲ್ಲದ ಬರಿಗೋವಿಯಲ್ಲಿ ಗುರಿಯಿಡುವ ಅಭ್ಯಾಸ, ಆಮೇಲೆ ಟೂಟೂನಲ್ಲಿ ನೂರು ಗುಂಡು, ಅದಾದ ಮೇಲೆ ಟೂ ಫಾರ್ಟಿ ತ್ರೀ ಎಂದು ಕಟ್ಟುನಿಟ್ಟು ಮಾಡಿದಳು. ತೀರ ಹಗುರದ ರೈಫಲು ಹೆಚ್ಚು ಒದೆಯುತ್ತದೆಂದು ಸ್ವಲ್ಪ ತೂಕದ್ದನ್ನೇ ಆರಿಸಿದಳು. ಹುಡುಗಿಯ ತೋಳಿನಳತೆಗೆ ಅದರ ಮರದ ಹಿಡಿ ಕೊಯ್ಯಿಸಿ, ಹೆಗಲಿಗೆ ತಾಗುವಲ್ಲಿ ದಪ್ಪ ರಬ್ಬರು ಕೂಡಿಸಿದಳು.

"ಕುಡು ಹೊಡೆಯಬಹುದಾ ಇದರಲ್ಲಿ?" ಗಾನಿಮ್ ಕೇಳಿದ. ಕುದುರೆಯಷ್ಟು ಎತ್ತರದ ಜಿಂಕೆ ಅದು.

"ಬೇಡ. ಅಷ್ಟು ದೊಡ್ಡದಕ್ಕೆ ಇದು ಚಿಕ್ಕದು. ಈ ವರ್ಷ ಇಂಪಾಲ ಸಾಕು."

ಅವನು ಹುಬ್ಬು ಗಂಟಿಕ್ಕಿದ. ಆಕೆ ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಅವನೇ, "ತಯ್ಯಿಬ್," ಆಗಲಿ ಎಂದ.

ಆಗಸ್ಟಿನಲ್ಲಿ ನೂಫ್ ಅಂಗಡಿಗೆ ಬಂದು ಹೇಳಿದಳು: ಮೂರು ದಿನ ಗುರಿ ಸರಿ ಸಿಗದೆ ಗುಂಡು ಹಾರಿಸಲಿಲ್ಲ, ನಾಲ್ಕನೆಯ ದಿನ ಒಂದೇ ಗುಂಡು, ಇಂಪಾಲ ಅಲ್ಲೇ ಬಿತ್ತು.

ಅವಳು ಹೋದ ಮೇಲೆ ಯಾಕೂಬ್ ಗಂಟಲು ಸರಿಮಾಡಿಕೊಂಡ. "ಲೀಲಕ್ಕ, ಇನ್ನು ಕೌಂಟರಿನಲ್ಲೇ ಕೂತ್ಕೊಳ್ಳಿ ಆಯ್ತಾ?"

"ಕೂತ್ಕೊಳ್ತೇನೆ. ಆದ್ರೆ ಹೊಸಬರಿಗೆ ಮ್ಯಾಗ್ನಮ್ ಮಾರ್ಲಿಕ್ಕೆ ನನ್ನ ಹತ್ರ ಹೇಳ್ಬಾರ್ದು. ಹೇಳಿದ್ರೂ ಮಾರುದಿಲ್ಲ."

ಲೀಲಾಕ್ಷಿ ಅವನ ಉತ್ತರಕ್ಕೆ ಕಾಯದೆ ಕುರ್ಚಿಯನ್ನು ಕೌಂಟರಿನ ಹತ್ತಿರಕ್ಕೆ ಎಳೆದುಕೊಂಡಳು.