ಬಾಗದ ತುದಿ

ಮಾರುಕಟ್ಟೆಯ ಹಳೆಯ ಕಟ್ಟಡದಲ್ಲಿ ಮಹಡಿ ಮೆಟ್ಟಿಲ ಕೆಳಗೊಂದು ಸಂದಿ ಇದೆ. ಅಲ್ಲಿ ತಲೆ ತಗ್ಗಿಸಿ ಕೂತು ಕನ್ನಡಕ ರಿಪೇರಿ ಮಾಡುವವನನ್ನು ಎಲ್ಲರೂ ಅಂಟಣ್ಣ ಎಂದು ಕರೆಯುತ್ತಾರೆ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ. ಅದನ್ನು ಅವನ ಅಕ್ಕ ಮಾತ್ರ, ಅದೂ ಸಿಟ್ಟು ನೆತ್ತಿಗೇರಿದಾಗ ಮಾತ್ರ ಬಳಸುತ್ತಾಳೆ.

ಜನ ಕನ್ನಡಕದ ಮೇಲೆ ಕೂತುಬಿಟ್ಟು, ಕಡ್ಡಿ ಮುರಿದುಕೊಂಡು, ಕರವಸ್ತ್ರದಲ್ಲಿ ಸುತ್ತಿ ತರುತ್ತಾರೆ. ಅಂಟಣ್ಣ ಬೈಯುವುದಿಲ್ಲ. ಗುಜರಿ ಕನ್ನಡಕವೊಂದರ ಕಡ್ಡಿಯಿಂದ ಸಣ್ಣ ತಂತಿ ಎಳೆದು, ಮುರಿದದ್ದರ ಒಳಗೆ ತೂರಿಸಿ, ಅಂಟು ಹಾಕಿ, ಅರದಿಂದ ತೀಡಿ, ಮೇಲೆ ಅದೇ ಬಣ್ಣ ಬಳಿದು ಕೊಡುತ್ತಾನೆ. ಅವನ ಬಾಯಲ್ಲಿ ಎರಡು ಮಾತು ಸದಾ ಸಿದ್ಧ. ಒಂದು, "ನಾನು ಅಂಟಿಸಿದ ಜಾಗ ನಾನೇ ತೋರಿಸಿದ್ರೂ ಕಾಣಬಾರದು." ಇನ್ನೊಂದು, "ಒಂದ್ಸಲ ಅಂಟಿಸಿದ್ರೆ ಮುಗೀತು, ಆ ಜಾಗ ಜನ್ಮದಲ್ಲಿ ಬಾಗಲ್ಲ." ಎರಡೂ ನಿಜ. ಎರಡೂ ಸೇರಿ ಅವನ ಕುತ್ತಿಗೆಗೇ ಬಂದದ್ದು ಹೇಗೆ ಎನ್ನುವುದೇ ಈ ಕಥೆ.

ಅಂಟಣ್ಣನ ಭಾವ, ಅಂದರೆ ಆ ಅಕ್ಕನ ಗಂಡ, ಎರಡು ಬೀದಿ ಆಚೆ ಕ್ಷೌರದ ಅಂಗಡಿ ಇಟ್ಟವನು. ಕುರ್ಚಿ ಒಂದೇ, ಕನ್ನಡಿ ಒಂದೇ, ಕೂರಲು ಕಾಯುವವರು ಮಾತ್ರ ಬೆಂಚಿನ ತುಂಬ. ಅವನ ಕತ್ತಿ ಕೆನ್ನೆಯ ಮೇಲೆ ಓಡಿದ್ದು ಗೊತ್ತಾಗುವುದಿಲ್ಲ, ಆಮೇಲೆ ಗಾಳಿ ತಗುಲಿದಾಗಲೇ ಗೊತ್ತಾಗುವುದು. ಅಂಗಡಿಗೆ ರಜೆ ಇದ್ದ ದಿನ ಅವನು ಊರ ಹೊರಗಿನ ಕೆರೆಗೆ ಹೋಗಿ ಮೀನು ಹಿಡಿಯುತ್ತಿದ್ದ. ಹುಳು ಚುಚ್ಚಿ ಬೀಡಿ ಸೇದುತ್ತ ಕೂರುವ ಪೈಕಿಯಲ್ಲ ಅವನು. ಅವನದು ರೀಲು ಹಾಕಿದ, ಬೆಂಕಿಕಡ್ಡಿಯಷ್ಟು ಸಣ್ಣ ತುದಿಯ ಹಗುರ ಕೋಲು. ದಾರದ ಕೊನೆಗೆ ಕಿರುಬೆರಳ ಗೆಣ್ಣಿನಷ್ಟು ಉದ್ದದ ಪ್ಲಾಸ್ಟಿಕ್ ಮರಿಮೀನು. ಮಣಿಕಟ್ಟನ್ನು ಸುಮ್ಮನೆ ಒಂದು ಸಲ ಒದರಿದರೆ ಸಾಕು, ಆ ನಕಲಿ ಮೀನು ಹಾರಿ ಕೆರೆಯ ನಡುವಿನ ಕರಿಬಂಡೆಯ ಪಕ್ಕದಲ್ಲೇ ಬೀಳುತ್ತಿತ್ತು. ಅಂಟಣ್ಣ ದಡದಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ತಾನೂ ಒಮ್ಮೆ ಎಸೆಯುತ್ತೇನೆಂದರೆ ಭಾವ ನಗುತ್ತಿದ್ದ. "ಬಾಮೈದ, ನನ್ನ ತಲೆ ಕೇಳು, ಕೊಡ್ತೀನಿ. ಕೋಲು ಮಾತ್ರ ಕೇಳಬೇಡ."

ಒಂದು ದಿನ ಭಾವನ ಬಲಗೈ ಮಣಿಕಟ್ಟಿನ ನರ ಹಿಡಿದುಕೊಂಡಿತು. ಆಪರೇಷನ್ ಆಯಿತು. ಅಕ್ಕ ಆಸ್ಪತ್ರೆಯಲ್ಲಿ ಕಾಯುತ್ತಿದ್ದವಳು ತಮ್ಮನ ಕೈಗೆ ಮನೆಯ ಬೀಗದ ಕೈ ಕೊಟ್ಟು, "ಎರಡು ಪಂಚೆ, ಒಂದು ಟವೆಲ್ ತಗೊಂಡು ಬಾ" ಎಂದಳು. ಅಂಟಣ್ಣ ಪಂಚೆ ತೆಗೆದ, ಟವೆಲ್ ತೆಗೆದ. ಬಾಗಿಲ ಹಿಂದೆ ಕೋಲು ನಿಂತಿತ್ತು. ಒಳ್ಳೆಯವನಾಗಿದ್ದರೆ ಅದನ್ನು ನೋಡಿ ಭಾವ ಬೇಗ ಗುಣವಾಗಲಿ ಅಂದುಕೊಂಡು ಬೀಗ ಹಾಕಿಕೊಂಡು ಹೋಗುತ್ತಿದ್ದ. ಇವನು ಕೋಲನ್ನು ಹೆಗಲಿಗೆ ಹಾಕಿಕೊಂಡು, ಪಂಚೆಯ ಚೀಲದ ಸಮೇತ ಕೆರೆಗೆ ನಡೆದ.

ಸಣ್ಣ ಮರಿಮೀನು ಕಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆಸೆಗೆ ಅಳತೆ ಎಲ್ಲಿ? ದೊಡ್ಡ ಮೀನಿಗೆ ದೊಡ್ಡ ಆಮಿಷ ಎಂದು ಭಾವನ ಡಬ್ಬಿಯಲ್ಲಿದ್ದ ಬೇರೆ ದಪ್ಪ ಕೋಲಿಗೆಂದು ಇಟ್ಟಿದ್ದ ಅತಿ ಭಾರದ ಲೋಹದ ಆಮಿಷವನ್ನೇ ಹುಡುಕಿ ಕಟ್ಟಿದ. ಕಲ್ಲು ಬೀಸುವವನ ಹಾಗೆ ತಲೆಯ ಮೇಲಿಂದ ಬೀಸಿದ. ಟಕ್ ಅಂತು. ತುದಿಯಿಂದ ಒಂದು ಗೇಣು ಕೆಳಗೆ ಕೋಲು ಮುರಿದು, ತುಂಡು ದಾರದಲ್ಲಿ ನೇತಾಡಿತು.

ಭಾವನಿಗೆ ಏನು ಹೇಳುವುದೆಂದು ಅಂಟಣ್ಣನಿಗೆ ದಿಗಿಲಾಯಿತು. ಆದರೆ ಅವನು ಅಂಟಣ್ಣನಲ್ಲವೇ? ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕೂತು, ಟೊಳ್ಳು ತುದಿಯೊಳಗೆ ಕನ್ನಡಕದ ತಂತಿ ತೂರಿಸಿ, ಅಂಟು ಹಾಕಿ, ಅರ ಆಡಿಸಿ, ಅಲ್ಲೇ ಇದ್ದ, ಗಾಳದ ದಾರ ಹಾಯುವ ಉಂಗುರದ ಕಟ್ಟುದಾರವನ್ನು ಒಂದಿಷ್ಟು ಮುಂದಕ್ಕೆ ಸುತ್ತಿ, ಬಣ್ಣ ಬಳಿದ. ತಿರುಗಿಸಿ ತಿರುಗಿಸಿ ನೋಡಿದ. ಗಾಯದ ಗುರುತಿಲ್ಲ. ನಾಚಿಕೆಗೇಡಿ, ಒಂದು ಗಳಿಗೆ ತನ್ನ ಕೆಲಸ ನೋಡಿ ಹೆಮ್ಮೆಯನ್ನೂ ಪಟ್ಟ. ಆಮೇಲೆ ಕೋಲನ್ನು ಬಾಗಿಲ ಹಿಂದೆ ಮೊದಲಿದ್ದ ಹಾಗೇ ನಿಲ್ಲಿಸಿ ಬಂದ. "ಪಂಚೆ ನೇಯ್ಕೊಂಡು ಬಂದ್ಯಾ?" ಎಂದು ಅಕ್ಕ ಕೇಳಿದ್ದಕ್ಕೆ, ಬಸ್ಸು ಸಿಗಲಿಲ್ಲ ಎಂದ.

ಕಟ್ಟು ಬಿಚ್ಚಿದರು. ಕೈ ಸರಿಯಾಗಿದೆ, ಬೆರಳ ತುದಿಯ ಜೋಮು ನಿಧಾನವಾಗಿ ಹೋಗುತ್ತದೆ ಎಂದರು ಡಾಕ್ಟರು. ಭಾವನಿಗೆ ಡಾಕ್ಟರ ಮಾತಿಗಿಂತ ಕೆರೆಯ ಬಂಡೆಯ ಮೇಲೆ ನಂಬಿಕೆ. "ಇನ್ನೊಬ್ಬರ ಕುತ್ತಿಗೆ ಮೇಲೆ ಕತ್ತಿ ಇಡೋ ಕೈ ಇದು. ಮೊದಲು ಬಂಡೆ ಹತ್ರ ಬೀಳ್ಲಿ, ಆಮೇಲೆ ಅಂಗಡಿ ಬಾಗಿಲು ತೆಗೀತೀನಿ" ಎಂದು ಕೋಲು ಹಿಡಿದು ಹೊರಟ. ಜೊತೆಗೆ ಅಂಟಣ್ಣ. ಬರುವುದಿಲ್ಲ ಎನ್ನಲು ನೆಪ ಸಿಗಲಿಲ್ಲ.

ಭಾವ ಮಣಿಕಟ್ಟು ಒದರಿದ. ಮರಿಮೀನು ಅವನ ಕಾಲ ಬುಡದಲ್ಲೇ ಪಿಚಕ್ಕೆಂದು ಬಿತ್ತು. ಮತ್ತೆ ಎಸೆದ. ಈ ಸಲ ಪಕ್ಕದ ಜೊಂಡಿಗೆ ಸಿಕ್ಕಿಕೊಂಡಿತು. ಮತ್ತೆ, ಮತ್ತೆ. ಬಂಡೆ ಇದ್ದಲ್ಲೇ ಇತ್ತು. ಅಂಟಣ್ಣ ಕೋಲಿನ ತುದಿಯನ್ನೇ ನೋಡುತ್ತಿದ್ದ. ಭಾವ ಎಸೆದಾಗೆಲ್ಲ ಅದು ಬಳುಕಬೇಕಾದ ಕಡೆ ಬಳುಕದೆ ಸೆಟೆದು ನಿಲ್ಲುತ್ತಿತ್ತು. ಭಾವ ಮಾತ್ರ ತುದಿಯನ್ನು ನೋಡಲೇ ಇಲ್ಲ, ತನ್ನ ಕೈಯನ್ನು ನೋಡಿಕೊಂಡ. ಬೆರಳು ಮಡಚಿದ, ಬಿಡಿಸಿದ.

"ಕೋಲಲ್ಲಿ ಏನಾದ್ರೂ..." ಎಂದು ಅಂಟಣ್ಣ ಶುರು ಮಾಡಿದ.

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ಭಾವ ನಕ್ಕ. ಅಂಥ ನಗೆಯನ್ನು ಅಂಟಣ್ಣ ಅವನ ಮುಖದಲ್ಲಿ ಹಿಂದೆಂದೂ ಕಂಡಿರಲಿಲ್ಲ. "ಕೋಲನ್ನ ಯಾಕಯ್ಯ ದೂರೋದು? ಅದು ಅದೇ ಕೋಲು. ಕೈ ಅದೇ ಅಲ್ಲ."

ಹೇಳಿಬಿಡಬೇಕಿತ್ತು. ಅಲ್ಲೇ, ಆಗಲೇ. ಅಂಟಣ್ಣ ಹೇಳಲಿಲ್ಲ. ಇವತ್ತು ಬೇಡ, ನೊಂದಿದ್ದಾನೆ ಅಂದುಕೊಂಡ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಬಂದಾಗ, ಈಗ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಅಂತಾನಲ್ಲ ಎಂದು ಇನ್ನೊಂದು ಭಯ ಹುಟ್ಟಿತು. ಸುಳ್ಳಿಗೆ ವಯಸ್ಸಾದಷ್ಟೂ ಅದನ್ನು ಮನೆಯಿಂದ ಹೊರಗೆ ಹಾಕುವುದು ಕಷ್ಟ. ಅನ್ನ ಸೇರದಾಯಿತು. ಗಿರಾಕಿಗಳು "ಅಂಟಿಸಿದ್ದು ಗೊತ್ತೇ ಆಗಲ್ಲ ಬಿಡಿ" ಎಂದು ಹೊಗಳಿದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು.

ಆಮೇಲೊಂದು ದಿನ ಅಕ್ಕ ಮೆಟ್ಟಿಲ ಕೆಳಗೆ ಬಂದು, ಗಿರಾಕಿಯ ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮ ಭಾವ ಅಂಗಡೀನ ಇನ್ನೊಬ್ಬರಿಗೆ ವಹಿಸಿಬಿಡ್ತಾರಂತೆ ಕಣೋ. ತಗೊಳ್ಳೋರು ಭಾನುವಾರ ಸಂಜೆ ಬರ್ತಾರೆ. ಡಾಕ್ಟ್ರು ಚೆನ್ನಾಗಿದೆ ಅಂದ್ರೂ ಕೇಳ್ತಿಲ್ಲ. ನಿನ್ನ ಮಾತಾದ್ರೂ ಕೇಳ್ತಾರೇನೋ, ಹೇಳಿ ನೋಡು."

"ಹೇಳ್ತೀನಿ ಅಕ್ಕ" ಎಂದ ಅಂಟಣ್ಣ. ಹೇಳುವ ಬದಲು ಗಾಳದ ಸಾಮಾನಿನ ಅಂಗಡಿಗೆ ಹೋದ. ಒಳ್ಳೆಯ ಕೋಲು ಕೈಗೆ ಸಿಕ್ಕಿ ಬಂಡೆಯ ಹತ್ತಿರ ಮರಿಮೀನು ಬಿದ್ದರೆ ಭಾವನಿಗೆ ತನ್ನ ಕೈ ಮೇಲೆ ತಾನೇ ನಂಬಿಕೆ ಬರುತ್ತದೆ, ತಾನು ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಆಗಲೇ ಮುರಿದಿತ್ತು ಎನ್ನುವುದು ಬೇರೆ ಮಾತು.

ಅಂಗಡಿಯ ಯಜಮಾನಿ ಗಟ್ಟಿ ಹೆಂಗಸು. ಬಾಯಲ್ಲಿ ದಾರ ಕಚ್ಚಿಕೊಂಡು ಯಾವುದೋ ರೀಲಿಗೆ ಸುತ್ತುತ್ತಿದ್ದಳು.

"ಸಣ್ಣ ಆಮಿಷ ಎಸೆಯೋಕೆ ಹಗುರದ ಕೋಲು ಬೇಕಮ್ಮಾ. ಇರೋದ್ರಲ್ಲಿ ದುಬಾರಿದೇ ಕೊಡಿ."

ಅವಳು ದಾರ ಬಾಯಿಂದ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲ್ನೇ ಸಲ ತಗೊಳ್ಳೋರು ಅಗ್ಗದ್ದು ಕೇಳ್ತಾರೆ. ತಪ್ಪು ಮಾಡಿ ಬಂದೋರು ದುಬಾರಿದು ಕೇಳ್ತಾರೆ. ಯಾರ್ದು ಮುರಿದ್ರಿ?"

ಅಂಟಣ್ಣ ಕೆಮ್ಮಿದ. "ನಂದೇ."

"ಆಯ್ತು, ನಿಮ್ಮದೇ." ಅವಳು ಗೋಡೆಯಿಂದ ಒಂದೊಂದೇ ಕೋಲು ಇಳಿಸಿದಳು. ಕೊಡೆಯ ಹಾಗೆ ಒಂದರೊಳಗೊಂದು ಸೇರುವುದನ್ನು ಅವಳೇ ಪಕ್ಕಕ್ಕಿಟ್ಟಳು. "ಚೀಲದಲ್ಲಿ ಹಿಡಿಸುತ್ತೆ, ಅಷ್ಟೇ. ಇದರ ತುದಿಗೆ ಜೀವ ಇಲ್ಲ." ಚಿನ್ನದ ಬಣ್ಣದ ಇನ್ನೊಂದನ್ನು ಅಂಟಣ್ಣ ಆಸೆಯಿಂದ ಮುಟ್ಟಿದಾಗ ಕೈಯಿಂದ ಕಿತ್ತುಕೊಂಡಳು. "ಇದರಲ್ಲಿ ಬಣ್ಣಕ್ಕೆ, ಹೆಸರಿಗೆ ಕಾಸು ಕೊಡ್ತೀರಿ. ಮೀನಿಗೆ ಓದಕ್ಕೆ ಬರಲ್ಲ. ಇಲ್ನೋಡಿ, ಹಿಡಿ ಮೇಲೆ ಏನು ಬರೆದಿದೆ?"

ಅಂಟಣ್ಣ ಕನ್ನಡಕ ಹಣೆಗೇರಿಸಿ ಓದಿದ. ಎರಡರಿಂದ ಏಳು ಗ್ರಾಂ.

"ಕೋಲು ಎಷ್ಟು ಭಾರ ಅಂತಲ್ಲ ಅದು. ಎಷ್ಟು ಭಾರದ ಆಮಿಷ ಎಸೀಬಹುದು ಅಂತ. ಅದಕ್ಕಿಂತ ಭಾರದ್ದು ಕಟ್ಟಿ ಬೀಸಿದ್ರೆ ಟಕ್ ಅನ್ನುತ್ತೆ." ಆ ಟಕ್ ಅಂಟಣ್ಣನ ಬೆನ್ನಲ್ಲಿ ಹಾಯ್ದು ಹೋಯಿತು. ಅವಳು ಕೋಲಿನ ತುದಿಯನ್ನು ಅವನ ಅಂಗೈಗೆ ಒತ್ತಿದಳು. ತುದಿ ಮೆತ್ತಗೆ ಬಾಗಿತು, ಬಿಟ್ಟೊಡನೆ ನೆಟ್ಟಗಾಯಿತು. "ಸಣ್ಣ ಆಮಿಷಕ್ಕೆ ಸ್ವಂತ ತೂಕ ಎಲ್ಲಿದೆ? ತುದಿ ಬಾಗಿ ಅದನ್ನ ಚಿಮ್ಮಿಸಬೇಕು. ಕೆಲವರು ಬರ್ತಾರೆ, ಮುರಿದ ತುದಿಯೊಳಗೆ ಕಡ್ಡಿ ತೂರಿಸಿ ಅಂಟಿಸಿರ್ತಾರೆ, ಎಸೆದ್ರೆ ಕಾಲ ಬುಡಕ್ಕೇ ಬೀಳುತ್ತೆ ಅಂತ ಗೋಳಾಡ್ತಾರೆ. ಬೀಳದೆ ಇನ್ನೇನು? ಎಂಥ ನಿಪುಣನ ಕೈಗೆ ಕೊಟ್ರೂ ಅಷ್ಟೇ."

ಎಂಥ ನಿಪುಣನ ಕೈಗೆ ಕೊಟ್ಟರೂ. ಅಂಟಣ್ಣನಿಗೆ ಇದ್ದ ಒಂದೇ ಒಂದು ಸಮಾಧಾನ, ಬಹುಶಃ ಕೈಯೇ ಕೆಟ್ಟಿರಬಹುದು ಎನ್ನುವ ಪಾಪಿ ಸಮಾಧಾನ, ಅಲ್ಲಿಗೆ ಮುಗಿಯಿತು. ಹಿಡಿಗೆ ಬೆಂಡು ಸುತ್ತಿದ, ಉಂಗುರಗಳೊಳಗೆ ಬೆರಳಾಡಿಸಿದರೆ ನುಣ್ಣಗಿರುವ, ಎರಡು ತುಂಡಾಗಿ ಬಿಚ್ಚುವ ಒಂದು ಸಾಧಾರಣ ಬೆಲೆಯ ಕೋಲನ್ನು ಅವಳು ಆರಿಸಿ ಕಾಗದದಲ್ಲಿ ಸುತ್ತಿಕೊಟ್ಟಳು.

ಭಾನುವಾರ ಬೆಳಿಗ್ಗೆ ಭಾವನನ್ನು ಬಲವಂತವಾಗಿ ಕೆರೆಗೆ ಎಳೆದುಕೊಂಡು ಹೋದ. "ನನಗೇ ಅಂತ ತಗೊಂಡೆ ಭಾವ. ಮೋಸ ಹೋದ್ನಾ ಏನು, ನೀವೇ ಒಂದ್ಸಲ ಎಸೆದು ನೋಡಿ."

ಭಾವ ಒಲ್ಲದ ಮನಸ್ಸಿನಿಂದ ಮರಿಮೀನು ಕಟ್ಟಿ, ಮಣಿಕಟ್ಟು ಒದರಿದ. ರೀಲು ಸುಯ್ಯೆಂದಿತು. ಮರಿಮೀನು ಹಾರಿ ಹೋಗಿ ಬಂಡೆಯ ಪಕ್ಕ, ಹಿಂದೆಲ್ಲ ಬೀಳುತ್ತಿದ್ದಲ್ಲೇ ಬಿತ್ತು. ಅಂಟಣ್ಣನಿಗೆ ಕುಣಿಯಬೇಕೆನಿಸಿತು. "ನೋಡಿದ್ರಾ! ಕೈ ಹೇಗಿದೆ ನೋಡಿ!"

ಭಾವ ಕೋಲನ್ನು ಅವನಿಗೆ ವಾಪಸು ಕೊಟ್ಟ. "ಒಳ್ಳೇ ಕೋಲು ಕಣಯ್ಯ. ಈಗಿನವು ಹೀಗೇ, ಮಗು ಕೈಗೆ ಕೊಟ್ರೂ ಎಸೆಯುತ್ತವೆ. ಇಟ್ಕೋ, ಚೆನ್ನಾಗಿ ಕಲಿ."

"ಅಲ್ಲ ಭಾವ, ಕೈ..."

"ಹೊಸ ಕೋಲು ಮುಖಸ್ತುತಿ ಮಾಡುತ್ತೆ. ಹಳೇ ಕೋಲು ಇಷ್ಟು ವರ್ಷ ನನ್ನ ಕೈ ನೋಡಿದೆ, ಅದು ಸುಳ್ಳು ಹೇಳಲ್ಲ." ಭಾವ ನೀರಿನ ಕಡೆ ತಿರುಗಿಕೊಂಡ. "ಸಂಜೆ ಅವರು ಬರ್ತಾರೆ. ಕತ್ತರಿ ಎಲ್ಲ ಒರೆಸಿ ಇಡಬೇಕು, ನಡಿ."

ಅಂಟಣ್ಣ ಹೊಸ ಕೋಲು ಹಿಡಿದು ಇದ್ದಲ್ಲೇ ನಿಂತ. ಕೊನೆಗೆ ಹೊರಟ ಮಾತು ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಭಾವ, ನೆಲ ಡೊಂಕೇ."

"ಏನು?"

"ನೆಲ ಡೊಂಕೇ ಇತ್ತು. ನಾನೇ ಡೊಂಕು ಮಾಡಿದ್ದು. ನೀವು ಆಸ್ಪತ್ರೇಲಿದ್ದಾಗ ಕೋಲು ತಂದು ಮುರಿದೆ. ಒಳಗೆ ತಂತಿ ಹಾಕಿ ಅಂಟಿಸಿದೆ. ನಿಮ್ಮ ಕೈಗೆ ಏನೂ ಆಗಿಲ್ಲ."

ಭಾವ ಸರಸರನೆ ಮನೆ ಕಡೆ ನಡೆದ. ಮನೆಗೆ ಬಂದು ಬಾಗಿಲ ಹಿಂದಿನ ಕೋಲು ತೆಗೆದು, ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ಸವರಿ ಹುಡುಕಿದ. ಸಿಗಲಿಲ್ಲ. ಅಂಟಣ್ಣನೇ ಬೆರಳಿಟ್ಟು ತೋರಿಸಿದ. ಆಗಲೂ ಕಾಣಲಿಲ್ಲ. ಭಾವ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದ. ಆಚೆ ಬಾಗಿತು, ಈಚೆ ಬಾಗಿತು, ನಡುವಿನ ಆ ಜಾಗ ಮಾತ್ರ ಬಾಗಲಿಲ್ಲ. ಒಳಗಿನಿಂದ ಅಕ್ಕ ಅಂಟಣ್ಣನನ್ನು ಹೆಸರು ಹಿಡಿದು, ಪೂರ್ತಿ ಹೆಸರು ಹಿಡಿದು ಕೂಗಿದಳು. ಎಷ್ಟೋ ವರ್ಷದ ಮೇಲೆ ಕೇಳಿದ ಆ ಹೆಸರಿಗೆ ಅವನು ತಲೆ ಎತ್ತಲಿಲ್ಲ.

ಸಂಜೆ ಅಂಗಡಿ ನೋಡಲು ಬಂದವರನ್ನು ಭಾವ ಬಾಗಿಲಲ್ಲೇ ನಿಲ್ಲಿಸಿ, ವಹಿಸುವುದಿಲ್ಲ ಎಂದು ಹೇಳಿ ಕಳಿಸಿದ. ಆಮೇಲೆ ಬೆಂಚಿನಲ್ಲಿ ಕೂತಿದ್ದ ಅಂಟಣ್ಣನಿಗೆ ಕಣ್ಣಲ್ಲೇ ಕುರ್ಚಿ ತೋರಿಸಿದ. "ಕೂತ್ಕೋ."

"ನಿನ್ನೆ ತಾನೇ ಮಾಡ್ಕೊಂಡಿದ್ದೀನಿ ಭಾವ..."

"ಕೂತ್ಕೋ ಅಂದೆ."

ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿಯಿತು. ನೊರೆ ತಣ್ಣಗೆ ಹತ್ತಿತು. ಭಾವ ಹೊಸ ಬ್ಲೇಡು ಹಾಕಿ, ಅವನ ಗದ್ದ ಮೇಲಕ್ಕೆತ್ತಿ, ಗಂಟಲ ಮೇಲೆ ಕತ್ತಿ ಇಟ್ಟ. ಅಂಟಣ್ಣ ಕಣ್ಣು ಮುಚ್ಚಿಕೊಂಡ. ಕತ್ತಿ ಕೆಳಗಿನಿಂದ ಮೇಲಕ್ಕೆ ಒಂದೇ ಗೀರಿನಲ್ಲಿ, ಓಡಿದ್ದೇ ಗೊತ್ತಾಗದಂತೆ ಬಂತು. ಬೀದಿಯ ಗಾಳಿ ಆ ಜಾಗಕ್ಕೆ ತಗುಲಿತು.

"ನನ್ನ ಕೈ ನಡುಗ್ತಾ ಇದೆಯಾ?" ಎಂದ ಭಾವ.

"ಇಲ್ಲ ಭಾವ."

ಭಾವ ಕತ್ತಿಯ ನೊರೆಯನ್ನು ಕಾಗದಕ್ಕೆ ಒರೆಸಿದ. ಮತ್ತೆ ಅವನ ಗದ್ದ ಹಿಡಿದು ಇನ್ನೊಂದು ಕಡೆ ತಿರುಗಿಸಿದ.

"ಇದನ್ನೇ ಅವತ್ತೇ ಹೇಳಬಹುದಿತ್ತಲ್ಲೋ."