ಪಾನನಿರೋಧದ ಊರಿನಲ್ಲಿ ದಾರಿ ಕೇಳುವುದು

೧೯೫೮ರ ಮಳೆಗಾಲದ ಒಂದು ಬುಧವಾರ ಸಂಜೆ ನಾನೂ, ಮುಲುಂಡಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯ ಗುರುಬಸಪ್ಪನೂ ಕುಡಿತ ಬಿಟ್ಟವರ ಸಭೆಯನ್ನು ಹುಡುಕಿಕೊಂಡು ಧಾರಾವಿಯ ಕಡೆ ಹೋಗಿ, ಕಳ್ಳಭಟ್ಟಿ ಮಾರುವ ಮನೆಯೊಂದರ ಬಾಗಿಲು ತಟ್ಟಿದೆವು.

ಗುರುಬಸಪ್ಪ ಧಾರವಾಡದ ಕಡೆಯವನು; ಭಾಂಡುಪ್‌ನ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಾನೆ. ನಡುಗುವ ಕೈಯನ್ನು ಯಂತ್ರದ ಹತ್ತಿರ ಬಿಡಲಾಗದು, ಇನ್ನೊಮ್ಮೆ ವಾಸನೆ ಬಂದರೆ ಗೇಟಿನಿಂದಲೇ ಮನೆಗೆ, ಎಂದು ಮೇಲಿನವರು ಕೊನೆಯ ಎಚ್ಚರಿಕೆ ಕೊಟ್ಟಿದ್ದರು. ಅವನು ಹಾಕಿದ ಆಣೆಗಳನ್ನು ಕೇಳಿ ಕೇಳಿ ಮನೆದೇವರಿಗೂ ಬೇಸರ ಬಂದಿರಬೇಕು. ಆಗಲೇ ನಾನು ಕೆಲಸ ಮಾಡುವ ಪತ್ರಿಕೆಗೆ ಒಂದು ಸಣ್ಣ ಪ್ರಕಟಣೆ ಬಂತು: ಕುಡಿತ ಬಿಡಬಯಸುವವರು ಬುಧವಾರ ಸಂಜೆ ಸೇರುತ್ತಾರೆ, ಧಾರಾವಿಯ ಕ್ರೈಸ್ತರ ಇಗರ್ಜಿಯ ಬಳಿ ವಿಚಾರಿಸಿ. ಮನೆ ನಂಬರಾಗಲಿ ಗಲ್ಲಿಯ ಹೆಸರಾಗಲಿ ಇರಲಿಲ್ಲ. ಕುಡಿಯುವುದೇ ಅಪರಾಧವಾದ ರಾಜ್ಯದಲ್ಲಿ, ಕುಡಿಯುತ್ತಿದ್ದೆವು ಎಂದು ಹೇಳಿಕೊಳ್ಳುವವರು ಬಾಗಿಲಿಗೆ ಬೋರ್ಡು ತೂಗುಹಾಕುವುದಿಲ್ಲವಷ್ಟೆ.

ಪಾನನಿರೋಧ ಬಂದಮೇಲೆ ಮುಂಬಯಿ ಪಿಸುಮಾತು ಕಲಿತಿದೆ, ಗೆಳೆಯರೇ. ಪೋಸ್ಟ್ ಆಫೀಸು ಎಲ್ಲಿ ಎಂದು ಗಟ್ಟಿಯಾಗಿ ಕೇಳಿ ನೋಡಿ, ಜನ ಗೊತ್ತಿಲ್ಲವೆಂದು ಮುಂದೆ ಸಾಗುತ್ತಾರೆ. ಹತ್ತಿರ ಸರಿದು ದನಿ ತಗ್ಗಿಸಿ ಏನನ್ನೇ ಕೇಳಿ, ಆಚೀಚೆ ನೋಡಿ, ಕಣ್ಣಿನಲ್ಲೇ ತಿರುವುಗಳನ್ನು ತೋರಿಸಿ, ಬಹಳ ಅಕ್ಕರೆಯಿಂದ ನಿಮ್ಮನ್ನು ಒಂದೇ ಕಡೆಗೆ ಕಳಿಸುತ್ತಾರೆ. ಇದು ನನಗೆ ಅಂದು ಹೊಳೆಯಲಿಲ್ಲ. ಗೆಳೆಯನ ಮಾನ ಉಳಿಸುವ ಕಾಳಜಿಯಿಂದ ನಾನು ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ, ಅಲ್ಲಿ ಕುಳಿತಿದ್ದ ಉಡುಪಿಯ ಭುಜಂಗಣ್ಣನ ಕಿವಿಯಲ್ಲಿ ಕೇಳಿದೆ: “ಬುಧವಾರ ಕೆಲವರು ಸೇರ್ತಾರಂತಲ್ಲ, ಅದೆಲ್ಲಿ?”

ಭುಜಂಗಣ್ಣ ನನ್ನ ಕೊಡೆಯನ್ನೂ ಗುರುಬಸಪ್ಪನ ಕೈಯನ್ನೂ ನೋಡಿದ. “ಬುಧವಾರ ಮಾತ್ರ ಯಾಕೆ ಮಾರಾಯ್ರೆ, ದಿನಾ ಸೇರ್ತಾರೆ. ಇಗರ್ಜಿಯ ಹಿಂದಿನ ಗಲ್ಲಿ, ಹಸಿರು ಬಾಗಿಲು. ಮೆಲ್ಲಗೆ ತಟ್ಟಿ. ನಾನು ಹೇಳಿದ್ದು ಅಂತ ಹೇಳ್ಬೇಡಿ. ಮತ್ತೆ, ಏನಾದ್ರೂ ತಿಂದು ಹೋಗಿ, ಖಾಲಿ ಹೊಟ್ಟೆಗೆ ಒಳ್ಳೇದಲ್ಲ.”

ಹೊಟ್ಟೆ ತುಂಬಿಸಿಕೊಂಡು ಹೋಗಬೇಕಾದ ಸಭೆ ಬಹಳ ಹೊತ್ತು ನಡೆಯುವಂಥದ್ದಿರಬೇಕೆಂದು ಭಾವಿಸಿ ನಾನು ಎರಡು ಪ್ಲೇಟು ಇಡ್ಲಿ ತರಿಸಿದೆ.

ಹಸಿರು ಬಾಗಿಲು ತೆರೆದವಳು ಮಂಗಳೂರು ಕಡೆಯ ನಡುವಯಸ್ಸಿನ ಹೆಂಗಸು. ಅವಳ ಬೆನ್ನ ಹಿಂದೆ ಬೆಂಚು, ಬೆಂಚಿನ ಮೇಲೆ ಗಂಡಸರು, ಅವರ ಕೈಯಲ್ಲಿ ಗ್ಲಾಸು. ವಾಸನೆ ನನಗಿಂತ ಮೊದಲು ಗುರುಬಸಪ್ಪನನ್ನು ಮುಟ್ಟಿತ್ತು. ಅವನ ಒಂದು ಕಾಲು ಆಗಲೇ ಹೊಸ್ತಿಲಿನ ಒಳಗಿತ್ತು. ತೋಳು ಹಿಡಿದು ಎಳೆದೆ. ಕಂಬವನ್ನು ಎಳೆದಂತಾಯಿತು.

“ಒಳಗೆ ಬನ್ನಿ, ಬಾಗಿಲು ತೆರೆದಿಟ್ರೆ ಪೊಲೀಸರಿಗೆ ಕಾಣ್ತದೆ,” ಎಂದಳು ಆಕೆ.

ಗುರುಬಸಪ್ಪ ಕಾರ್ಖಾನೆಯ ಗದ್ದಲದಲ್ಲಿ ಮಾತಾಡಿ ರೂಢಿಯಾದ ತನ್ನ ದೊಡ್ಡ ದನಿಯಲ್ಲಿ, ಗಲ್ಲಿಗೆಲ್ಲ ಕೇಳುವಂತೆ ಹೇಳಿದ: “ಯವ್ವಾ, ನಾ ಕುಡಕ ಇದೀನಿ. ಬಿಡಬೇಕಂತ ಬಂದೀನಿ. ಬಿಟ್ಟಾವ್ರು ಕೂಡೋ ಜಾಗಾ ಎಲ್ಲೈತಿ?”

“ಮೆಲ್ಲಗೆ ಮಾತಾಡಿ.”

“ಮೆಲ್ಲಗ ಕೇಳೇ ಇಲ್ಲಿಗೆ ಬಂದೀವಿ.”

ಒಳಗಿನಿಂದ ಯಾರೋ, “ನಾಳೆ ಬಿಡುವಿಯಂತೆ, ಇವತ್ತು ಕೂತ್ಕೋ ಬಾರಪ್ಪ,” ಎಂದರು. ಬೆಂಚು ನಕ್ಕಿತು. ಆಕೆ ಮಾತ್ರ ನಗಲಿಲ್ಲ. “ಓ, ಅವ್ರಾ? ಶಾಲೆಯ ಮಾಳಿಗೆಯಲ್ಲಿ ಕೂತು ಚಹಾ ಕುಡೀತಾರೆ. ನನ್ನ ಗಿರಾಕಿಗಳೇ. ಬುಧವಾರ ಬಂತಂದ್ರೆ ಈ ಬೆಂಚು ಅರ್ಧ ಖಾಲಿ. ಎಡಕ್ಕೆ ಹೋಗಿ, ಕಬ್ಬಿಣದ ಮೆಟ್ಟಿಲು. ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೀಬೇಡಿ ಮಾರಾಯ್ರೆ, ಹೋಗಿ.”

ಗುರುಬಸಪ್ಪ ಹೊಸ್ತಿಲೊಳಗಿನ ಕಾಲನ್ನು ನೋಡಿದ. ಬೇರೆ ಯಾರದೋ ವಸ್ತುವನ್ನು ಎತ್ತಿಕೊಳ್ಳುವವನಂತೆ ಅದನ್ನು ಹೊರಗೆ ತಂದ.

ಶಾಲೆಯ ಕಬ್ಬಿಣದ ಮೆಟ್ಟಿಲು ಹತ್ತಿ ಅವನು ಮಾಳಿಗೆಗೆ ಹೋದ; ನಾನು ಮೆಟ್ಟಿಲ ಮೇಲೆಯೇ ಕುಳಿತೆ. ಒಳಗೆ ಹೋಗುವ ಅರ್ಹತೆ ಕುಡಿಯದ ನನಗಿರಲಿಲ್ಲ. ಮಳೆ ಹನಿಯುತ್ತಿತ್ತು. ಕಾಯಿಲೆಯ ಹೆಸರನ್ನೂ ಕಳವಿನ ಹೆಸರನ್ನೂ ನಾವು ಒಂದೇ ದನಿಯಲ್ಲಿ ಹೇಳುತ್ತೇವಲ್ಲ, ಕೇಳುವವನು ಎರಡನ್ನೂ ಹೇಗೆ ಬೇರ್ಪಡಿಸಬೇಕು ಎಂದು ಅಲ್ಲಿ ಕುಳಿತು ಯೋಚಿಸಿದೆ. ಭುಜಂಗಣ್ಣನ ಮೇಲೆ ಸಿಟ್ಟು ಬರಲಿಲ್ಲ. ಮನುಷ್ಯ ಉಪಕಾರವನ್ನೇ ಮಾಡಿದ್ದ, ಇಡ್ಲಿಯೂ ಚೆನ್ನಾಗಿತ್ತು. ಉಪಕಾರ ಮಾಡುವವರಿಗೆ ಈ ಊರಲ್ಲಿ ಕೊರತೆಯಿಲ್ಲ. ನಮಗೆ ಏನು ಬೇಕೆಂದು ಅವರಿಗೆ ಕೇಳುವಂತೆ ಹೇಳುವುದಷ್ಟೇ ಕಷ್ಟ.

ಸಭೆ ಮುಗಿಸಿ ಬಂದ ಗುರುಬಸಪ್ಪ, “ಇಂಗ್ಲಿಷು, ಅರ್ಧ ತಿಳೀಲಿಲ್ಲ ರಾಯರ. ಆದ್ರ ಎಲ್ಲಾರೂ ನನ್ನ ಕತೀನೇ ಹೇಳಾಕತ್ತಿದ್ರು,” ಎಂದ.

ಅವನು ಈಗಲೂ ಲೇಥ್ ನಡೆಸುತ್ತಿದ್ದಾನೆ. ನಡುವೆ ಒಮ್ಮೆ ಜಾರಿದ. ರಜೆಯ ದಿನವಾದ್ದರಿಂದ ಕೆಲಸ ಉಳಿಯಿತು. ಮರು ಬುಧವಾರ ಮಾಳಿಗೆಗೆ ಹೋಗಿ ಅದನ್ನೂ ಗಟ್ಟಿಯಾಗಿಯೇ ಹೇಳಿದನಂತೆ. ಕಳೆದ ಬುಧವಾರ ನಾನು ಆ ದಾರಿಯಲ್ಲಿ ಬರುವಾಗ ಅವನು ಭುಜಂಗಣ್ಣನ ಹೋಟೆಲಿನ ಮೆಟ್ಟಿಲ ಬಳಿ ನಿಂತಿದ್ದ. ಅಂಗಿಯ ಕಾಲರು ಎತ್ತಿಕೊಂಡ ಒಬ್ಬಾತ ಗಲ್ಲಾಪೆಟ್ಟಿಗೆಯತ್ತ ಬಾಗಿ ಪಿಸುಗುಟ್ಟುತ್ತಿದ್ದ. ಭುಜಂಗಣ್ಣ ಬಾಯಿ ತೆರೆಯುವ ಮೊದಲೇ ಗುರುಬಸಪ್ಪ ಕೇಳಿದ: “ಯಾವ ಕಡೆ ಹೋಗಬೇಕ್ರಿ, ಕುಡಿಯಾಕೋ ಬಿಡಾಕೋ?”

ಆತ ಎತ್ತಿಕೊಂಡಿದ್ದ ಕಾಲರು ಇಳಿಸಿದ. ಆಮೇಲೆ ಇಬ್ಬರೂ ಕಬ್ಬಿಣದ ಮೆಟ್ಟಿಲು ಹತ್ತಿದರು.