ಎರಡು ಸಮುದ್ರಕ್ಕೆ ಒಂದು ಡಬ್ಬಿ ನೀರು

ನನ್ನ ನೆನಪನ್ನು ನಾನು ಸುಲಭವಾಗಿ ನಂಬುವವನಲ್ಲ. ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಛತ್ರಿ ಬಿಟ್ಟುಬಂದು, ಮನೆಯಿಂದ ಅದನ್ನು ತಂದೇ ಇರಲಿಲ್ಲವೆಂದು ವಾದಿಸಿದವನು. ಆದರೂ ಒಂದು ನೆನಪನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಾರೆ. ನಾನೂ ಅಪ್ಪನೂ ಹೋದ ಒಂದು ಪ್ರಯಾಣದಲ್ಲಿ, ತೀರ್ಥಹಳ್ಳಿಯ ಆಚೆ, ಗುಡ್ಡದ ನೆತ್ತಿಯ ಮೇಲೆ ಬುತ್ತಿ ಉಂಡ ಅಪ್ಪ ಡಬ್ಬಿ ತೊಳೆದ ನೀರನ್ನು ಎರಡೂ ಪಕ್ಕಕ್ಕೆ ಚೆಲ್ಲಿ, "ಒಂದು ಪಾಲು ಅರಬ್ಬೀ ಸಮುದ್ರಕ್ಕೆ, ಒಂದು ಪಾಲು ಬಂಗಾಳ ಕೊಲ್ಲಿಗೆ" ಎಂದು ನಕ್ಕರು. ಅಪ್ಪ ನಕ್ಕ ಇನ್ನೊಂದು ನೆನಪು ನನ್ನಲ್ಲಿಲ್ಲ.

ಭೂಗೋಳವೇನೋ ನನ್ನ ಪರವಾಗಿಯೇ ಇದೆ. ಆ ಸೀಮೆಯಲ್ಲಿ ಶರಾವತಿ ಪಶ್ಚಿಮಕ್ಕೆ ಇಳಿಯುತ್ತದೆ, ತುಂಗೆ ಪೂರ್ವಕ್ಕೆ. ನಾವು ಪೂರ್ವದ ಪಕ್ಷದವರು. ಸೂಳೆಕೆರೆಯ ಕೋಡಿ ಬಿದ್ದ ನೀರಾಗಲಿ, ನ್ಯಾಮತಿಯ ಹಳ್ಳದ್ದಾಗಲಿ, ಕೊನೆಗೆ ತುಂಗಭದ್ರೆ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ.

ಮೊನ್ನೆ ಹೊನ್ನಾಳಿಯ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಈ ಕಥೆ ತೆಗೆದೆ. ಜಗಳೂರು ಮೂಲದ ಭಾವ, "ನಮ್ಮೂರ ಹಳ್ಳಕ್ಕೆ ನೀರು ಬಂದ್ರೆ ಸಾಕು ಅನ್ನಂಗಾಗೈತೆ, ನಿನಗೆ ಎರಡೆರಡು ಸಮುದ್ರ ಬೇಕೇನಪ್ಪಾ?" ಎಂದರು. ಅಕ್ಕ ನಗಲಿಲ್ಲ. ಆ ಪ್ರಯಾಣದ ಹೊತ್ತಿಗೆ ಅವಳು ಮದುವೆಯಾಗಿ ಹೋಗಿದ್ದಳು. ಆದರೆ ಅಪ್ಪನನ್ನು ನನಗಿಂತ ಚೆನ್ನಾಗಿ ಬಲ್ಲವಳು.

"ಸುಳ್ಳು ಹೇಳಬ್ಯಾಡ. ಅಪ್ಪ ಉಂಡ ತಾಟು ತೊಳೆದು ಆ ನೀರು ಕುಡಿಯೋರು, ಪ್ರಸಾದ ಅಂತ. ಒಂದು ಅಗುಳು ಚೆಲ್ಲಾಕೆ ಬಿಡದೋರು ಸಮುದ್ರಕ್ಕೆ ಚೆಲ್ತಾರಾ?"

ಸಾಕ್ಷ್ಯ ಗಟ್ಟಿಯಾಗಿತ್ತು. ತಾಟು ತೊಳೆದ ನೀರನ್ನು ಎತ್ತಿ ಕುಡಿಯುವ ಅಪ್ಪ ನನ್ನ ಕಣ್ಣ ಮುಂದೆಯೂ ಬಂದರು, ದಿನನಿತ್ಯ ಕಂಡವರೇ. ಅಂಥ ಸಾಕ್ಷ್ಯದ ಮುಂದೆ ತಲೆಬಾಗಬೇಕೆಂದು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ನಾನು ಬಾಗಲಿಲ್ಲ. ನಕಾಶೆಯಲ್ಲಿ ನೀರು ಬೇರ್ಪಡುವ ಗೆರೆ ಸೂಜಿಯಿಂದ ಗೀಚಿದಂತಿರುತ್ತದೆ. ಅಲ್ಲಿ ಹೋಗಿ ನಿಂತರೆ ಗೆರೆಯಿಲ್ಲ, ಬರೀ ಹುಲ್ಲು. ಒಂದು ಹನಿ ಯಾವ ಕಡಲಿಗೆ ಎಂಬುದನ್ನು ಬೀಸುಗಾಳಿಯೋ ದನದ ಗೊರಸೋ ತೀರ್ಮಾನಿಸುತ್ತದೆ. ನೆತ್ತಿಯ ಮೇಲಿನ ನೀರಿಗೇ ಇಲ್ಲದ ಖಚಿತತೆಯನ್ನು ನನ್ನಿಂದ ಏಕೆ ಕೇಳಬೇಕು?

"ಜೀವಮಾನವೆಲ್ಲ ಚೆಲ್ಲದೋರು ಒಂದಿನ ಚೆಲ್ಲಬಾರದೇನಕ್ಕಾ?" ಎಂದೆ. "ಚೆಲ್ಲಿದ್ದಕ್ಕೇ ನಕ್ಕಿದ್ದು!"

ಅಕ್ಕ ನನ್ನ ತಾಟಿಗೆ ಒಂದು ಸೌಟು ಸಾರು ಬಡಿಸಿದಳು. ನನ್ನ ಮುಖ ನೋಡದೆ ಕೇಳಿದಳು:

"ಮೊದ್ಲು ಯಾವ ಕಡೆ ಚೆಲ್ಲಿದ್ರು?"

ನಿಜಕ್ಕೂ ನೆನಪಿರಲಿಲ್ಲ. "ನಮ್ಮ ಕಡೆಗೇ" ಎಂದೆ, ಚೂರೂ ತಡವರಿಸದೆ.